ಅತಿವಾಸ್ತವ ಫೋಟೋ ಸಂಯೋಜನೆ

ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗಗಳಲ್ಲಿ ತೆಗೆದ ಛಾಯಾಚಿತ್ರಗಳ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಒಂದೇ ಚೌಕಟ್ಟಿಗೆ ತಂದು, ಎಲ್ಲೂ ನಡೆಯಲಾರದ ಸಂಗತಿಯೊಂದು ಕ್ಯಾಮೆರಾದ ಎದುರೇ ನಡೆದುಹೋಯಿತೆಂಬಂತೆ ಕಾಣಿಸುವ ಕಲೆ. ಇದರ ಮನೋಧರ್ಮ 1920ರ ದಶಕದ ಪ್ಯಾರಿಸ್ಸಿನ ಸರ್ರಿಯಲಿಸಂ ಪಂಥದ್ದು. ಕನ್ನಡ ವಿಮರ್ಶೆ ಅದನ್ನು ಅತಿವಾಸ್ತವವಾದವೆಂದು ಕರೆದಿದೆ. ಕೈಚಳಕ ಇನ್ನೂ ಹಳೆಯದು, ಹತ್ತೊಂಬತ್ತನೆಯ ಶತಮಾನದ ಡಾರ್ಕ್‌ರೂಮಿನದು. ಇಂದು ಬಳಕೆಯಲ್ಲಿರುವ ಸಾಧನಗಳು 1990ರಿಂದೀಚಿನವು.

ಚಿತ್ರಕಾರ ಕ್ಯಾನ್ವಾಸಿನ ಮೇಲೆ ಹಾರುವ ಮನುಷ್ಯನನ್ನು ಬರೆದರೆ ನೋಡುವವರು ಅದನ್ನು ಕಲ್ಪನೆಯೆಂದು ಒಪ್ಪಿಕೊಂಡೇ ನೋಡುತ್ತಾರೆ. ಫೋಟೋದಲ್ಲಿ ಮನುಷ್ಯ ಹಾರುತ್ತಿದ್ದರೆ ಒಂದು ಕ್ಷಣವಾದರೂ ಮನಸ್ಸು ತಡೆಯುತ್ತದೆ, ಏಕೆಂದರೆ ಫೋಟೋ ಸಾಕ್ಷಿ ಹೇಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ಕಲೆ ಬದುಕುವುದು ಆ ತಡವರಿಕೆಯಲ್ಲೇ. ಆದ್ದರಿಂದ ಅಸಂಭವವಾದದ್ದು ಒಂದೇ ಇರಬೇಕು. ಅಂಗಿಯ ಮಡಿಕೆ, ನೆಲದ ನೆರಳು, ದೂರದ ಗುಡ್ಡದ ಮಸುಕು ಎಲ್ಲವೂ ದಿನನಿತ್ಯದ ಹಾಗೇ ಇರಬೇಕು. ಒಂದು ನಿಯಮವನ್ನು ಮುರಿಯಲು ಉಳಿದ ನಿಯಮಗಳನ್ನೆಲ್ಲ ನಿಷ್ಠೆಯಿಂದ ಪಾಲಿಸುವ ಕೆಲಸವಿದು. ಇದನ್ನು ಕಲಿಯುವವರು ಸಾಫ್ಟ್‌ವೇರಿಗೆ ಕೊಡುವ ಸಮಯದ ಬಹುಪಾಲನ್ನು ಬೆಳಕು ಮತ್ತು ದೃಷ್ಟಿಕೋನದ ಅಭ್ಯಾಸಕ್ಕೆ ಕೊಟ್ಟರೆ ಬೇಗ ಮುಂದೆ ಹೋಗುತ್ತಾರೆ.

ಡಾರ್ಕ್‌ರೂಮಿನ ಕಾಲ

ಸ್ವೀಡನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಆಸ್ಕರ್ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ‘ದಿ ಟೂ ವೇಸ್ ಆಫ್ ಲೈಫ್’ ಎಂಬ ದೊಡ್ಡ ಚಿತ್ರವನ್ನು ಮಾಡಿ ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿಟ್ಟ. ಒಬ್ಬ ತರುಣನ ಮುಂದೆ ಸದಾಚಾರದ ದಾರಿ ಒಂದು ಕಡೆ, ಭೋಗದ ದಾರಿ ಇನ್ನೊಂದು ಕಡೆ. ವಿಕ್ಟೋರಿಯಾ ರಾಣಿ ಅದರ ಒಂದು ಪ್ರತಿಯನ್ನು ಕೊಂಡಳು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ ‘ಫೇಡಿಂಗ್ ಅವೇ’ ಎಂಬ ಸಾವಿನಂಚಿನ ಹುಡುಗಿಯ ಚಿತ್ರ ಮಾಡಿದ. ಇಬ್ಬರ ಗುರಿಯೂ ಬಣ್ಣದ ಚಿತ್ರಕಲೆಯ ಗೌರವವನ್ನು ಫೋಟೋಗೆ ತರುವುದಾಗಿತ್ತು. ಜೋಡಣೆಯನ್ನು ಅಡಗಿಸಬೇಕೆಂಬ ಹಟ ಅವರಲ್ಲಿ ಆಗಲೇ ಇತ್ತು, ಕನಸನ್ನು ಕಾಣಿಸಬೇಕೆಂಬ ಆಸೆ ಇನ್ನೂ ಬಂದಿರಲಿಲ್ಲ.

ಮೊದಲ ಮಹಾಯುದ್ಧ ಮುಗಿದ ಬರ್ಲಿನ್ನಿನಲ್ಲಿ ದಾದಾ ಎಂಬ ಕಲಾವಿದರ ಗುಂಪಿನ ಹಾನ್ನಾ ಹೋಖ್, ರಾವುಲ್ ಹೌಸ್‌ಮನ್ ಪತ್ರಿಕೆಗಳ ಫೋಟೋಗಳನ್ನು ಕತ್ತರಿಸಿ ಅಂಟಿಸಿದರು. ಜಾನ್ ಹಾರ್ಟ್‌ಫೀಲ್ಡ್ ಅದನ್ನೇ ಹಿಟ್ಲರನ ವಿರುದ್ಧದ ಅಸ್ತ್ರ ಮಾಡಿಕೊಂಡ. ಇವರ ಕತ್ತರಿಯ ಗಾಯ ಎದ್ದು ಕಾಣುತ್ತಿತ್ತು, ಕಾಣಬೇಕೆಂದೇ ಕಾಣುತ್ತಿತ್ತು. 1924ರಲ್ಲಿ ಆಂದ್ರೆ ಬ್ರೆತಾನ್ ಸರ್ರಿಯಲಿಸಂನ ಪ್ರಣಾಳಿಕೆ ಹೊರಡಿಸಿದ ಮೇಲೆ ದಿಕ್ಕು ಬದಲಾಯಿತು. ಮನೋವಿಶ್ಲೇಷಕ ಫ್ರಾಯ್ಡನನ್ನು ಓದಿಕೊಂಡಿದ್ದ ಈ ಬಳಗಕ್ಕೆ ಕನಸು ಬೇಕಿತ್ತು, ಮತ್ತು ಕನಸು ಕಾಣುವಾಗ ಅದರಲ್ಲಿ ಹೊಲಿಗೆ ಕಾಣುವುದಿಲ್ಲ. ಅದೇ ವರ್ಷ ಮ್ಯಾನ್ ರೇ ತನ್ನ ಗೆಳತಿ ಕಿಕಿಯ ಬರಿಬೆನ್ನಿನ ಮೇಲೆ ಪಿಟೀಲಿನ ಎರಡು ಬಾಗಿದ ರಂಧ್ರಗಳನ್ನು ಮೂಡಿಸಿ ‘ಲ ವಿಯೊಲೋಂ ದ್ಯಾಂಗ್ರ್’ ಮಾಡಿದ. ಇಡೀ ಚಿತ್ರದಲ್ಲಿ ಸೇರಿಸಿದ್ದು ಆ ಎರಡು ಕಪ್ಪು ಗುರುತು ಮಾತ್ರ. ದೇಹ ವಾದ್ಯವಾಗಲು ಅಷ್ಟು ಸಾಕಾಯಿತು. ಅದರ ಒಂದು ಪ್ರತಿ 2022ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 24 ಲಕ್ಷ ಡಾಲರಿಗೆ ಹೋಯಿತು. ಎಡಿಟಿಂಗಿನಲ್ಲಿ ಮಿತವ್ಯಯ ಏನೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ದೋರಾ ಮಾರ್ 1930ರ ದಶಕದಲ್ಲಿ ಕಮಾನಿನ ಒಳಮಾಡನ್ನು ತಲೆಕೆಳಗಾಗಿಸಿ, ಅದನ್ನೇ ನೆಲವಾಗಿಸಿ, ಹಿಂದಕ್ಕೆ ಬಿಲ್ಲಿನಂತೆ ಬಾಗಿದ ಹುಡುಗನನ್ನು ಅದರ ಮೇಲೆ ನಿಲ್ಲಿಸಿದಳು. ತಿರುಗಿಸಿದ್ದು ಒಂದೇ ವಸ್ತು, ತಲೆ ಸುತ್ತುವುದು ನೋಡುವವರಿಗೆ.

ಈ ಪರಂಪರೆಯಲ್ಲಿ ಪಠ್ಯಗಳು ಬೇಗ ದಾಟಿಹೋಗುವ ಹೆಸರು ಗ್ರೇಟೆ ಸ್ಟರ್ನ್ ಅವರದು. 1904ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬೌಹೌಸ್ ಕಲಾಶಾಲೆಯಲ್ಲಿ ಕಲಿತು, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅರ್ಜೆಂಟೀನಾ ಸೇರಿದವರು. 1948ರಿಂದ 1951ರವರೆಗೆ ಬ್ಯುನೋಸ್ ಐರಿಸ್‌ನ ‘ಇದಿಲಿಯೊ’ ಎಂಬ ಮಹಿಳಾ ವಾರಪತ್ರಿಕೆ ಓದುಗ ಹೆಂಗಸರಿಂದ ಅವರ ಕನಸುಗಳನ್ನು ಬರೆಸಿ ತರಿಸಿಕೊಂಡು, ಮನೋವಿಶ್ಲೇಷಣೆಯ ಅಂಕಣದಲ್ಲಿ ಅರ್ಥ ಹೇಳುತ್ತಿತ್ತು. ಪ್ರತಿ ಕನಸಿಗೂ ಸ್ಟರ್ನ್ ಒಂದು ಫೋಟೋ ಸಂಯೋಜನೆ ಮಾಡಿಕೊಡಬೇಕಿತ್ತು. ಹೀಗೆ ಮಾಡಿದ್ದು ಸುಮಾರು 140. ಮಗಳು, ಗೆಳತಿಯರು, ಪರಿಚಯದವರೇ ಮಾಡೆಲ್‌ಗಳು. ಒಂದರಲ್ಲಿ ಹೆಂಗಸು ಮೇಜಿನ ದೀಪದ ಕಂಬವಾಗಿ ಕುಳಿತಿದ್ದಾಳೆ, ಗಂಡಸಿನ ದೊಡ್ಡ ಕೈಯೊಂದು ದೀಪದ ಸ್ವಿಚ್ಚಿನತ್ತ ಚಾಚಿದೆ. ಹೆಂಗಸು ಮನೆಬಳಕೆಯ ವಿದ್ಯುತ್ ಸಾಮಾನು ಎಂಬ ವ್ಯಂಗ್ಯ ಅದರ ಹೆಸರಿನಲ್ಲೇ ಇದೆ. ಅಂಕಣಕಾರರು ಓದುಗರಿಗೆ ಸಮಾಧಾನ ಹೇಳುತ್ತಿದ್ದ ಪುಟದಲ್ಲೇ ಸ್ಟರ್ನ್ ಗಂಡಸರ ಲೋಕವನ್ನು ಅಣಕಿಸುತ್ತಿದ್ದರು. ಪರರ ಕನಸು, ವಾರದ ಗಡುವು, ಅಗ್ಗದ ಕಾಗದ: ಇಷ್ಟು ಕಟ್ಟುಪಾಡಿನಲ್ಲಿ ಹುಟ್ಟಿದ ಈ ಸರಣಿ, ವಿಷಯವಿದ್ದರೆ ಉಪಕರಣ ಎಷ್ಟು ಬಡವಾಗಿದ್ದರೂ ನಡೆಯುತ್ತದೆಂಬುದಕ್ಕೆ ನಿದರ್ಶನ.

ಎಲ್ಲರೂ ನೆಗೆಟಿವ್‌ಗಳನ್ನು ಜೋಡಿಸಿಯೇ ಅಸಂಭವವನ್ನು ತೋರಿಸಲಿಲ್ಲ. ಫಿಲಿಪ್ ಹಾಲ್ಸ್‌ಮನ್ 1948ರ ‘ದಾಲಿ ಅಟಾಮಿಕಸ್’ ಚಿತ್ರಕ್ಕಾಗಿ ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವದಾರ್ ದಾಲಿಯನ್ನು ಹಾರಿಸಿ, ಮೂರು ಬೆಕ್ಕುಗಳನ್ನೂ ಬಕೆಟ್ ನೀರನ್ನೂ ಗಾಳಿಗೆ ಎಸೆಸಿ, ಇಪ್ಪತ್ತಕ್ಕೂ ಹೆಚ್ಚು ಸಲ ಪ್ರಯತ್ನಿಸಿದ. ಬೆಕ್ಕುಗಳ ಅಭಿಪ್ರಾಯ ದಾಖಲಾಗಿಲ್ಲ. ಇಂಗ್ಲೆಂಡಿನ ಸ್ಟಾರ್ಮ್ ಥಾರ್ಗರ್ಸನ್ 1987ರಲ್ಲಿ ಪಿಂಕ್ ಫ್ಲಾಯ್ಡ್ ರಾಕ್ ತಂಡದ ಧ್ವನಿಮುದ್ರಿಕೆಯ ಹೊದಿಕೆಗಾಗಿ ಡೆವನ್ನಿನ ಸಾಂಟನ್ ಸ್ಯಾಂಡ್ಸ್ ಕಡಲತೀರದಲ್ಲಿ ನೂರಾರು ಆಸ್ಪತ್ರೆ ಮಂಚಗಳನ್ನು ನಿಜವಾಗಿಯೂ ಸಾಲಾಗಿ ಹಾಕಿಸಿದ. ಆದರೆ ಅದೇ ತಂಡದ 1977ರ ‘ಅನಿಮಲ್ಸ್’ ಹೊದಿಕೆಗೆ ಬೇಕಾಗಿದ್ದ ಬೃಹತ್ ಹಂದಿಬಲೂನು ಲಂಡನ್ನಿನ ಬ್ಯಾಟರ್ಸಿ ವಿದ್ಯುದಾಗಾರದ ಬಳಿ ಹಗ್ಗ ಕಿತ್ತುಕೊಂಡು ವಿಮಾನಗಳ ದಾರಿಗೆ ಹಾರಿಹೋಯಿತು. ಕೊನೆಗೆ ಮೋಡ ಚೆನ್ನಾಗಿದ್ದ ಇನ್ನೊಂದು ದಿನದ ಫೋಟೋಗೆ ಹಂದಿಯನ್ನು ಅಂಟಿಸಿ ಮುದ್ರಿಸಿದರು.

ಡಾರ್ಕ್‌ರೂಮಿನ ಕೊನೆಯ ದೊಡ್ಡ ಮೇಷ್ಟ್ರು ಅಮೆರಿಕದ ಜೆರ್ರಿ ಯೂಲ್ಸ್‌ಮನ್. 1934ರಲ್ಲಿ ಡೆಟ್ರಾಯ್ಟಿನಲ್ಲಿ ಹುಟ್ಟಿದ ಇವರು 1960ರಿಂದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1967ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇವರ ಏಕವ್ಯಕ್ತಿ ಪ್ರದರ್ಶನ ನಡೆಸಿತು, 2022ರಲ್ಲಿ ತೀರಿಕೊಂಡರು. ಇವರ ಕೋಣೆಯಲ್ಲಿ ನೆಗೆಟಿವಿನ ಚಿತ್ರವನ್ನು ಹಾಳೆಯ ಮೇಲೆ ದೊಡ್ಡದಾಗಿ ಬೀಳಿಸುವ ಹಲವು ಎನ್‌ಲಾರ್ಜರ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಒಂದರಲ್ಲಿ ಮರದ ನೆಗೆಟಿವ್, ಇನ್ನೊಂದರಲ್ಲಿ ಕೆರೆ, ಮತ್ತೊಂದರಲ್ಲಿ ಮನೆ. ಒಂದೇ ಹಾಳೆ ಒಂದರ ಕೆಳಗಿನಿಂದ ಇನ್ನೊಂದರ ಕೆಳಗೆ ಸಾಗುತ್ತಿತ್ತು. ಎರಡು ಚಿತ್ರಗಳು ಕೂಡುವ ಕಡೆ ಬೆಳಕಿಗೆ ರಟ್ಟನ್ನೋ ಕೈಯನ್ನೋ ಅಡ್ಡ ಹಿಡಿದು ಮೆಲ್ಲಗೆ ಆಡಿಸಿದರೆ ಅಂಚು ಕರಗಿಹೋಗುತ್ತಿತ್ತು. ಇಂದಿನ ಮಾಸ್ಕ್ ಎಂಬ ಸೌಲಭ್ಯ ಆ ರಟ್ಟಿನ ಕೆಲಸವನ್ನೇ ಮಾಡುತ್ತದೆ. ಶಟರ್ ಒತ್ತುವ ಮೊದಲೇ ಅಂತಿಮ ಚಿತ್ರ ಮನಸ್ಸಿನಲ್ಲಿರಬೇಕು ಎಂಬುದು ಆಗಿನ ಅಮೆರಿಕನ್ ಛಾಯಾಗ್ರಹಣದ ದೊಡ್ಡವರ ಮತವಾಗಿತ್ತು. ಚಿತ್ರ ನಂತರವೂ ಹುಟ್ಟಬಹುದು, ನೆಗೆಟಿವ್‌ಗಳ ರಾಶಿ ಹರವಿಕೊಂಡು ಕೂತಾಗಲೂ ಹೊಳೆಯಬಹುದು ಎಂದು ಯೂಲ್ಸ್‌ಮನ್ ವಾದಿಸಿದರು. ಅವರ ಪತ್ನಿಯಾಗಿದ್ದ ಮ್ಯಾಗಿ ಟೇಲರ್ 1990ರ ದಶಕದ ನಡುವೆ ಕಂಪ್ಯೂಟರಿಗೆ ಹೊರಳಿ, ಹತ್ತೊಂಬತ್ತನೆಯ ಶತಮಾನದ ಅನಾಮಧೇಯ ಭಾವಚಿತ್ರಗಳನ್ನೂ ಸಣ್ಣಪುಟ್ಟ ವಸ್ತುಗಳನ್ನೂ ಸ್ಕ್ಯಾನರಿನ ಗಾಜಿನ ಮೇಲಿಟ್ಟು ತಮ್ಮದೇ ಲೋಕ ಕಟ್ಟಿದರು. 2008ರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಗೆ ಚಿತ್ರಗಳನ್ನು ಮಾಡಿದರು. ಗಂಡ ಡಾರ್ಕ್‌ರೂಮಿನಿಂದ ಹೊರಬರಲಿಲ್ಲ.

ಕಂಪ್ಯೂಟರಿಗೆ ಬಂದದ್ದು

ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್ 1987ರಲ್ಲಿ ತನ್ನ ಮ್ಯಾಕಿಂಟಾಷ್‌ನಲ್ಲಿ ಬೂದುಛಾಯೆಯ ಚಿತ್ರ ತೋರಿಸುವ ಪ್ರೋಗ್ರಾಮೊಂದನ್ನು ಬರೆದ. ಸಿನಿಮಾದ ವಿಶೇಷ ಪರಿಣಾಮಗಳ ಕಂಪನಿಯಲ್ಲಿದ್ದ ತಮ್ಮ ಜಾನ್ ನೋಲ್‌ಗೆ ಅದರ ಬೆಲೆ ತಿಳಿಯಿತು. ಅಡೋಬಿ ಸಂಸ್ಥೆ ಹಕ್ಕು ಪಡೆದು 1990ರ ಫೆಬ್ರವರಿಯಲ್ಲಿ ಫೋಟೋಶಾಪ್‌ನ ಮೊದಲ ಆವೃತ್ತಿಯನ್ನು ಹೊರತಂದಿತು. ಅತಿವಾಸ್ತವ ಸಂಯೋಜನೆಯ ಮಟ್ಟಿಗೆ ನಿಜವಾದ ಹುಟ್ಟುಹಬ್ಬ 1994ರದು. ಆ ವರ್ಷದ ಮೂರನೆಯ ಆವೃತ್ತಿಯಲ್ಲಿ ಲೇಯರ್‌ಗಳು ಬಂದವು. ಅದಕ್ಕೂ ಮೊದಲು ಒಂದು ತುಣುಕನ್ನು ಅಂಟಿಸಿದರೆ ಅದು ಕೆಳಗಿನ ಚಿತ್ರದಲ್ಲಿ ಬೆರೆತೇ ಹೋಗುತ್ತಿತ್ತು, ಆಮೇಲೆ ಒಂದಿಷ್ಟು ಎಡಕ್ಕೆ ಸರಿಸಬೇಕೆನಿಸಿದರೆ ದಾರಿಯಿರಲಿಲ್ಲ. ಹಳೆಯ ಫೋಟೋಶಾಪ್ ತೆರೆದುಕೊಳ್ಳುವಾಗ ಮಿನುಗುತ್ತಿದ್ದ ಎಂಜಿನಿಯರುಗಳ ಪಟ್ಟಿಯಲ್ಲಿ ಸೀತಾರಾಮನ್ ನಾರಾಯಣನ್ ಎಂಬ ಹೆಸರು ಭಾರತದ ಸ್ಟುಡಿಯೋ ಹುಡುಗರಿಗೆಲ್ಲ ಬಾಯಿಪಾಠ. ಅವರ ಮುಖ ಮಾತ್ರ ಹೆಚ್ಚಿನವರು ನೋಡಿರಲಿಲ್ಲ.

ದುಡ್ಡು ಕೊಡಲಾಗದವರಿಗೂ ಬಾಗಿಲು ಮುಚ್ಚಿಲ್ಲ. ಬರ್ಕ್ಲಿಯ ವಿದ್ಯಾರ್ಥಿಗಳಿಬ್ಬರು ಬರೆದು 1996ರಲ್ಲಿ ಹೊರಬಿಟ್ಟ ಗಿಂಪ್ ಇಂದಿಗೂ ಉಚಿತ. ಫೋಟೋಪಿಯಾ ಬ್ರೌಸರಿನಲ್ಲೇ ನಡೆಯುತ್ತದೆ. ಫೋನಿನಲ್ಲಿ ಪಿಕ್ಸ್‌ಆರ್ಟ್, ಸ್ನ್ಯಾಪ್‌ಸೀಡ್ ಇವೆ. ಲೇಯರ್, ಮಾಸ್ಕ್, ಬ್ಲೆಂಡ್ ಮೋಡ್ ಎಂಬ ಮೂರು ಸೌಲಭ್ಯಗಳಿರುವ ಯಾವ ಸಾಧನವಾದರೂ ಕಲಿಕೆಗೆ ಸಾಕು.

ಕೆಲಸದ ಬಗೆ

ಸ್ವೀಡನ್ನಿನ ಎರಿಕ್ ಜೋಹಾನ್ಸನ್ 1985ರಲ್ಲಿ ಹುಟ್ಟಿದವರು, ಓದಿದ್ದು ಕಂಪ್ಯೂಟರ್ ಎಂಜಿನಿಯರಿಂಗ್. ರಸ್ತೆಯನ್ನು ಬಟ್ಟೆಯ ಹಾಗೆ ಎಳೆದೊಯ್ಯುವ ಮನುಷ್ಯ, ವ್ಯಾನಿನಲ್ಲಿ ಚಂದ್ರಗಳನ್ನು ತುಂಬಿಕೊಂಡು ಬಂದು ಬದಲಾಯಿಸುವ ಕೆಲಸಗಾರರು ಇವರ ಚಿತ್ರಗಳಲ್ಲಿ ಬರುತ್ತಾರೆ. 2011ರ ಉಪನ್ಯಾಸವೊಂದರಲ್ಲಿ ಅವರು ಹೇಳಿದ ಸೂತ್ರ ಸರಳ: ಜೋಡಿಸುವ ಫೋಟೋಗಳ ದೃಷ್ಟಿಕೋನ ಒಂದೇ ಇರಲಿ, ಬೆಳಕು ಒಂದೇ ಬಗೆಯದಿರಲಿ, ಒಂದು ಫೋಟೋ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದಿರಲಿ. ಸಾಧ್ಯವಾದಷ್ಟನ್ನೂ ತಾವೇ ಕ್ಯಾಮೆರಾದಲ್ಲಿ ಸೆರೆಹಿಡಿದು ಆಮೇಲೆ ಜೋಡಿಸುವುದು ಅವರ ಪದ್ಧತಿ. ಮೂರರಲ್ಲಿ ಕಲಿಯುವವರು ಹೆಚ್ಚು ಎಡವುವುದು ಮೊದಲನೆಯದರಲ್ಲಿ, ಏಕೆಂದರೆ ಉಳಿದೆರಡನ್ನು ಸಾಫ್ಟ್‌ವೇರಿನಲ್ಲಿ ಸ್ವಲ್ಪವಾದರೂ ತಿದ್ದಬಹುದು, ದೃಷ್ಟಿಕೋನವನ್ನು ತಿದ್ದುವುದು ಬಹಳ ಕಷ್ಟ.

ಸಮತಟ್ಟಾದ ನೆಲದ ಮೇಲೆ ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿದ್ದರೆ, ಚಿತ್ರದಲ್ಲಿ ದಿಗಂತದ ಗೆರೆ ಎಲ್ಲ ವಸ್ತುಗಳನ್ನೂ ನೆಲದಿಂದ 1.2 ಮೀಟರ್ ಎತ್ತರದಲ್ಲೇ ಹಾದುಹೋಗುತ್ತದೆ. ಹತ್ತಿರ ನಿಂತವರ ಎದೆಗೆ ತಾಗಿದರೆ ದೂರ ನಿಂತ ಅದೇ ಎತ್ತರದವರಿಗೂ ಎದೆಗೇ ತಾಗುತ್ತದೆ. ಬೇರೊಂದು ಫೋಟೋದಿಂದ ತಂದ ವ್ಯಕ್ತಿಯನ್ನು ಎಲ್ಲಿ, ಎಷ್ಟು ದೊಡ್ಡದಾಗಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ಈ ಒಂದು ಗೆರೆಯೇ ಉತ್ತರ ಕೊಡುತ್ತದೆ: ಅವರ ಮೂಲ ಫೋಟೋದಲ್ಲಿ ದಿಗಂತ ಎದೆಗಿದ್ದರೆ ಹೊಸ ಚಿತ್ರದಲ್ಲೂ ಎದೆಗೇ ಬರಲಿ.

ಅಳತೆಯನ್ನು ಮುರಿಯುವಾಗಲೂ ಇದೇ ಲೆಕ್ಕ ಕೈಹಿಡಿಯುತ್ತದೆ. 1.65 ಮೀಟರಿನ ಮನುಷ್ಯನನ್ನು 30 ಮೀಟರಿನ ದೈತ್ಯನಾಗಿಸಿ ಊರಿನ ಬೀದಿಯಲ್ಲಿ ನಿಲ್ಲಿಸಬೇಕು ಎನ್ನೋಣ. ಅವನನ್ನು ಸುಮಾರು 18 ಪಟ್ಟು ಹಿಗ್ಗಿಸಿದಂತಾಯಿತು. ಬೀದಿಯ ಫೋಟೋವನ್ನು 1.2 ಮೀಟರ್ ಎತ್ತರದಿಂದ ತೆಗೆದಿದ್ದರೆ, ಮಾಡೆಲ್‌ನ ಫೋಟೋವನ್ನು ಅದರ 18ನೇ ಒಂದು ಭಾಗದಿಂದ, ಅಂದರೆ ನೆಲದಿಂದ ಏಳು ಸೆಂಟಿಮೀಟರ್ ಎತ್ತರದಿಂದ ತೆಗೆಯಬೇಕು. ಕ್ಯಾಮೆರಾವನ್ನು ನೆಲಕ್ಕೇ ಇಟ್ಟ ಹಾಗೆ. ದೈತ್ಯ 60 ಮೀಟರ್ ದೂರದಲ್ಲಿರುವಂತೆ ಕಾಣಬೇಕಿದ್ದರೆ ಮಾಡೆಲ್ ಸುಮಾರು ಮೂರೂಕಾಲು ಮೀಟರ್ ದೂರ ನಿಲ್ಲಬೇಕು. ಗುಬ್ಬಚ್ಚಿಗಾತ್ರದ ಮನುಷ್ಯನಿಗೆ ಲೆಕ್ಕ ತಿರುಗಾಮುರುಗಾ. ಮೇಜಿನ ಮೇಲೆ ಹತ್ತು ಸೆಂಟಿಮೀಟರಿನ ಹುಡುಗಿ ಕಾಫಿ ಲೋಟಕ್ಕೆ ಒರಗಿ ನಿಂತಿರಬೇಕು. ಮೇಜಿನ ಫೋಟೋ 30 ಸೆಂಟಿಮೀಟರ್ ಮೇಲಿನಿಂದ, 60 ಸೆಂಟಿಮೀಟರ್ ದೂರದಿಂದ ತೆಗೆದದ್ದು. ಹಾಗಾದರೆ ಹುಡುಗಿ ಹತ್ತು ಮೀಟರ್ ಆಚೆ ಅಂಗಳದಲ್ಲಿ ನಿಂತು, ಫೋಟೋ ತೆಗೆಯುವವರು ಐದು ಮೀಟರ್ ಎತ್ತರಕ್ಕೆ, ಅಂದರೆ ಮನೆಯ ತಾರಸಿಗೆ ಹತ್ತಬೇಕು. ಮೊಣಕಾಲೂರಿ ಎದುರಿನಿಂದ ತೆಗೆದ ಫೋಟೋವನ್ನು ಕುಗ್ಗಿಸಿ ಮೇಜಿನ ಮೇಲೆ ಇಟ್ಟವರ ಚಿತ್ರ ಯಾಕೆ ನಂಬಿಸುವುದಿಲ್ಲವೆಂದು ಎಷ್ಟು ಹೊತ್ತು ಅಂಚು ಸವರಿದರೂ ಗೊತ್ತಾಗದು.

ಬೆಳಕಿನ ವಿಷಯದಲ್ಲಿ ಮೂರು ಸಂಗತಿ ನೋಡಬೇಕು: ಯಾವ ದಿಕ್ಕಿನಿಂದ, ಎಷ್ಟು ಬಿರುಸಾಗಿ, ಯಾವ ಬಣ್ಣದಲ್ಲಿ ಬೀಳುತ್ತಿದೆ. ನಡುಹಗಲಿನ ಬಿಸಿಲಿನ ಬಣ್ಣದ ತಾಪ ಸುಮಾರು 5500 ಕೆಲ್ವಿನ್, ಹಳೆಯ ಬಲ್ಬಿನದು 2700ರ ಆಸುಪಾಸು, ನೆರಳಿನ ಜಾಗದ್ದು ಬಿಸಿಲಿಗಿಂತ ನೀಲಿ. ಬಣ್ಣವನ್ನು ಕರ್ವ್ಸ್ ಎಂಬ ಸೌಲಭ್ಯದಿಂದ ಸರಿಹೊಂದಿಸಬಹುದು. ಕೆನ್ನೆಯ ಮೇಲೆ ಎಡದಿಂದ ಬಿದ್ದ ಬಿರುಬಿಸಿಲನ್ನು ಬಲಕ್ಕೆ ಕಳಿಸುವುದು ಬ್ರಷ್ಷಿನಿಂದ ಆಗುವ ಕೆಲಸವಲ್ಲ. ಅದಕ್ಕೇ ಅನುಭವಿಗಳು ಮೋಡ ಕವಿದ ದಿನವನ್ನು ಇಷ್ಟಪಡುತ್ತಾರೆ. ಆ ಹರಡಿದ ಬೆಳಕಿನಲ್ಲಿ ತೆಗೆದದ್ದು ಬಹುತೇಕ ಎಲ್ಲಿಗೂ ಹೊಂದುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಓಸ್ಟ್ರೋವ್‌ಸ್ಕಿ, ಕ್ಯಾವನಾ ಮತ್ತು ಪವನ್ ಸಿನ್ಹಾ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ದೃಶ್ಯದ ವಸ್ತುಗಳ ಮೇಲೆ ಬೇರೆ ಬೇರೆ ದಿಕ್ಕಿನ ಬೆಳಕು ಬಿದ್ದಿದ್ದರೂ ಮನುಷ್ಯರ ಕಣ್ಣು ಅದನ್ನು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ನಕಲಿ ಚಿತ್ರಗಳನ್ನು ಪತ್ತೆಮಾಡುವ ಹಾನಿ ಫರೀದ್ ಅವರ ಕೆಲಸವೂ ಇದನ್ನೇ ತೋರಿಸುತ್ತದೆ: ನೆರಳು, ಪ್ರತಿಬಿಂಬಗಳ ಜ್ಯಾಮಿತಿಯಲ್ಲಿನ ತಪ್ಪು ಕಂಪ್ಯೂಟರಿಗೆ ಕಂಡಷ್ಟು ನಮಗೆ ಕಾಣದು. ಆದರೆ ನೆರಳು ಇಲ್ಲವೇ ಇಲ್ಲ ಎಂದಾಗ ಕಣ್ಣು ಕ್ಷಮಿಸುವುದಿಲ್ಲ. ಪಾದ ನೆಲಕ್ಕೆ ತಾಗುವಲ್ಲಿ ಕಪ್ಪಿಲ್ಲದಿದ್ದರೆ ವ್ಯಕ್ತಿ ಕಾರಿನ ಗಾಜಿಗೆ ಅಂಟಿಸಿದ ಸ್ಟಿಕ್ಕರಿನಂತೆ ನಿಲ್ಲುತ್ತಾನೆ. ಆದ್ದರಿಂದ ನೆರಳನ್ನು ಎರಡು ಸಲ ಬರೆಯುತ್ತಾರೆ. ಮೊದಲನೆಯದು ಪಾದದಡಿಯ ತೆಳುವಾದ, ದಟ್ಟ ಕಪ್ಪು ಗೆರೆ. ಎರಡನೆಯದು ನೆಲದ ಮೇಲೆ ಚಾಚಿಕೊಳ್ಳುವ ಉದ್ದ ನೆರಳು. ಇದು ಪಾದದ ಬಳಿ ಚೂಪಾಗಿ, ತಲೆಯ ಕಡೆಗೆ ಹೋದಂತೆ ಮಸುಕಾಗಬೇಕು. ಆಕಾಶದಲ್ಲಿ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ವಸ್ತುವಿನ ಅಂಚಿನಿಂದ ನೆರಳು ಬೀಳುವ ಜಾಗ ಒಂದು ಮೀಟರ್ ದೂರವಾದರೆ ನೆರಳಿನ ಅಂಚು ಸುಮಾರು ಒಂದು ಸೆಂಟಿಮೀಟರ್ ಹರಡುತ್ತದೆ. ಗಾಳಿಯಲ್ಲಿ ತೇಲುವ ವ್ಯಕ್ತಿಯ ನೆರಳು ಪಾದದಿಂದ ಬಿಡಿಸಿಕೊಂಡು, ಪೂರ್ತಿ ಮೆತ್ತಗಾಗಿ ನೆಲದ ಮೇಲೆ ಬಿದ್ದಿರಬೇಕು. ತೇಲುತ್ತಿದ್ದಾನೆಂದು ನಮಗೆ ಹೇಳುವುದು ದೇಹಕ್ಕಿಂತ ಆ ನೆರಳು.

ಕತ್ತರಿಸುವ ಕೆಲಸದ ಬಗ್ಗೆ ಕಲಿಸುವ ವೀಡಿಯೋಗಳು ಬೇಕಾದಷ್ಟಿವೆ, ಇಲ್ಲಿ ಸಂಕ್ಷೇಪ ಸಾಕು. ಗಟ್ಟಿ ಅಂಚಿನ ವಸ್ತುಗಳಿಗೆ ಪೆನ್ ಟೂಲ್. ಕೂದಲು, ಹುಲ್ಲು, ಪ್ರಾಣಿಗಳ ತುಪ್ಪಳಕ್ಕೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಯಾವುದರಲ್ಲಿ ವ್ಯತ್ಯಾಸ ಹೆಚ್ಚೋ ಅದನ್ನು ಆಧರಿಸಿದ ಸೆಲೆಕ್ಷನ್. ಬೇಡದ್ದನ್ನು ಅಳಿಸುವ ಬದಲು ಮಾಸ್ಕಿನಲ್ಲಿ ಮುಚ್ಚಬೇಕು: ಬಿಳಿ ಬಳಿದಲ್ಲಿ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗುತ್ತದೆ, ಬೂದು ಬಳಿದಲ್ಲಿ ಅರೆಬರೆ ಕಾಣುತ್ತದೆ, ನಾಳೆ ಮನಸ್ಸು ಬದಲಾದರೆ ಎಲ್ಲವೂ ಹಾಗೇ ಇರುತ್ತದೆ. ಬ್ಲೆಂಡ್ ಮೋಡ್‌ಗಳು ಹತ್ತಾರು ಇದ್ದರೂ ಈ ಕೆಲಸದಲ್ಲಿ ಎರಡೇ ಮುಖ್ಯ. ಮಲ್ಟಿಪ್ಲೈ ಎರಡು ಲೇಯರ್‌ಗಳ ಬೆಲೆಗಳನ್ನು ಗುಣಿಸುತ್ತದೆ, ಬಿಳಿಯ ಬೆಲೆ ಒಂದಾದ್ದರಿಂದ ಬಿಳಿ ಮಾಯವಾಗುತ್ತದೆ. ಬಿಳಿ ಹಾಳೆಯ ಮೇಲಿನ ನೆರಳನ್ನು ಎತ್ತಿಕೊಳ್ಳಲು ಅನುಕೂಲ. ಸ್ಕ್ರೀನ್‌ನಲ್ಲಿ ಕಪ್ಪು ಮಾಯವಾಗುತ್ತದೆ. ಕಪ್ಪು ಬಟ್ಟೆಯ ಮುಂದೆ ತೆಗೆದ ಊದಿನಕಡ್ಡಿಯ ಹೊಗೆ, ಬೆಂಕಿ, ನೀರಿನ ತುಂತುರನ್ನು ಕತ್ತರಿಸದೆಯೇ ಸೇರಿಸಬಹುದು.

ಕೊನೆಯ ಹಂತ ಎಲ್ಲವನ್ನೂ ಒಂದೇ ಗಾಳಿಯಲ್ಲಿ ಮುಳುಗಿಸುವುದು. ದೂರದ ವಸ್ತುವಿನಲ್ಲಿ ಕಡುಗಪ್ಪು ಇರುವುದಿಲ್ಲ, ನಡುವಿನ ಗಾಳಿ ಅದನ್ನು ತಿಳಿಯಾಗಿಸಿ ನೀಲಿಗೆ ತಿರುಗಿಸುತ್ತದೆ. ಗುಡ್ಡದಾಚೆ ಇಟ್ಟ ತಿಮಿಂಗಿಲ ಮುಂದಿನ ಕಲ್ಲಿಗಿಂತ ಕಪ್ಪಾಗಿದ್ದರೆ ಅದು ಗುಡ್ಡದಾಚೆ ಇಲ್ಲ. ಒಂದು ಫೋಟೋ ಫೋನಿನದು, ಇನ್ನೊಂದು ದೊಡ್ಡ ಕ್ಯಾಮೆರಾದ್ದಾದರೆ ಕಾಳುಕಾಳಾಗಿ ಕಾಣುವ ನಾಯ್ಸ್ ಬೇರೆ ಬೇರೆ ಇರುತ್ತದೆ. ಎಲ್ಲದರ ಮೇಲೂ ಒಂದೇ ಸಮನಾದ ಗ್ರೇನ್ ಹರಡಿದರೆ ಅರ್ಧ ಜಗಳ ಮುಗಿಯಿತು. ಬಣ್ಣವನ್ನು ತಾತ್ಕಾಲಿಕವಾಗಿ ತೆಗೆದು ಕಪ್ಪುಬಿಳುಪಿನಲ್ಲಿ ನೋಡುವುದು, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡ ತಿರುಗಿಸಿ ನೋಡುವುದು ಕಣ್ಣು ಒಗ್ಗಿಹೋದ ತಪ್ಪುಗಳನ್ನು ಹೊರಗೆಳೆಯುತ್ತದೆ. ಅಚ್ಚು ಹಾಕಿಸುವ ಯೋಚನೆಯಿದ್ದರೆ ಮೊದಲೇ ಗಾತ್ರ ನಿರ್ಧರಿಸಬೇಕು: ಇಂಚಿಗೆ 300 ಚುಕ್ಕಿಯಂತೆ ಎ4 ಹಾಳೆಗೆ 2480 x 3508 ಪಿಕ್ಸೆಲ್ ಬೇಕು. ಲೇಯರ್‌ಗಳಿರುವ ಮೂಲ ಫೈಲನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು, ಜೆಪೆಗ್ ಅವನ್ನೆಲ್ಲ ಒಂದಾಗಿಸಿಬಿಡುತ್ತದೆ.

ಹೊಳೆಯುವುದು ಏನು

ಉಪಾಯ ಹೊಳೆಯದವರಿಗೆ ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿತ್‌ಗಿಂತ ದೊಡ್ಡ ಗುರುವಿಲ್ಲ. ಕುಂಚ ಹಿಡಿದ ಈತನ ವಿಧಾನಗಳನ್ನು ಫೋಟೋಗೆ ನೇರ ಇಳಿಸಬಹುದು. ಒಂದು ವಿಧಾನ ಅಳತೆ ಬದಲಿಸುವುದು: 1952ರ ‘ಪರ್ಸನಲ್ ವ್ಯಾಲ್ಯೂಸ್’ನಲ್ಲಿ ಬಾಚಣಿಗೆಯೂ ಲೋಟವೂ ಮಂಚಕ್ಕಿಂತ ದೊಡ್ಡವು. ಮತ್ತೊಂದು ಹೊತ್ತನ್ನು ಬೆರೆಸುವುದು: ‘ದಿ ಎಂಪೈರ್ ಆಫ್ ಲೈಟ್’ ಸರಣಿಯಲ್ಲಿ ಕೆಳಗೆ ದೀಪ ಹಚ್ಚಿದ ರಾತ್ರಿಯ ಬೀದಿ, ಮೇಲೆ ಹಗಲಿನ ನೀಲಿ ಆಕಾಶ. 1953ರ ‘ಗಾಲ್ಕೊಂಡಾ’ದಲ್ಲಿ ಟೋಪಿ ಹಾಕಿದ ಗಂಡಸರು ಮಳೆಹನಿಗಳ ಹಾಗೆ ಊರ ತುಂಬ ತೂಗುತ್ತಿದ್ದಾರೆ, ಗೋಲ್ಕೊಂಡದ ವಜ್ರದ ಸಂಪತ್ತಿನ ಖ್ಯಾತಿ ಬೆಲ್ಜಿಯಂನ ಚಿತ್ರವೊಂದಕ್ಕೆ ಹೆಸರಾದದ್ದು ಹೀಗೆ. ಗಮನಿಸಬೇಕಾದದ್ದು, ಮಾಗ್ರಿತ್ ಆಯ್ದುಕೊಂಡದ್ದೆಲ್ಲ ಸೇಬು, ಪೈಪು, ಟೋಪಿ, ಬಾಗಿಲು, ಮೋಡ. ರೆಕ್ಕೆಯ ಕುದುರೆಗಳಿಲ್ಲ, ಹೊಳೆಯುವ ಮಾಟದ ಗೋಳಗಳಿಲ್ಲ. ಇಂದು ಜಾಲತಾಣಗಳನ್ನು ತುಂಬಿರುವ ತೇಲುವ ದ್ವೀಪ, ಆಕಾಶದಲ್ಲಿ ಈಜುವ ತಿಮಿಂಗಿಲ, ಮನೆಗಿಂತ ದೊಡ್ಡ ಚಂದ್ರ ಇವೆಲ್ಲ ನೋಡಲು ಅಂದವಾಗಿಯೇ ಇವೆ, ಆದರೆ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ. ಅಸಂಭವದ ಲೋಕದಲ್ಲಿ ಅಸಂಭವ ಸಂಗತಿ ನಡೆದರೆ ಆಶ್ಚರ್ಯವೇನು? ಅಡುಗೆಮನೆಯ ನಲ್ಲಿಯಿಂದ ನೀರಿನ ಬದಲು ನೆರಳು ಸುರಿದರೆ ಆಶ್ಚರ್ಯ.

ಆಕಸ್ಮಿಕವನ್ನು ಕರೆತರುವ ಆಟಗಳನ್ನೂ ಸರ್ರಿಯಲಿಸಂ ಬಳಗ ಬಿಟ್ಟುಹೋಗಿದೆ. ಹಾಳೆ ಮಡಿಚಿ, ಒಬ್ಬರು ತಲೆ, ಇನ್ನೊಬ್ಬರು ಮುಂಡ, ಮತ್ತೊಬ್ಬರು ಕಾಲು ಬರೆಯುವ ಆಟ 1925ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಶುರುವಾಯಿತು. ಫೋನಿನ ಗ್ಯಾಲರಿಯಿಂದ ಕಣ್ಣುಮುಚ್ಚಿ ಎರಡು ಫೋಟೋ ಆರಿಸಿ, ಅವೆರಡನ್ನೂ ಕೂಡಿಸುವ ಒಂದೇ ಆಕಾರವನ್ನು ಹುಡುಕುವುದು ಅದರ ಇಂದಿನ ರೂಪ.

ಭಾರತದಲ್ಲಿ

ಭಾರತದ ಕಲಾವಿದರಲ್ಲಿ ಈ ಮಾಧ್ಯಮವನ್ನು ಗಂಭೀರವಾಗಿ ಬಳಸಿದವರಲ್ಲಿ ವಿವಾನ್ ಸುಂದರಂ (1943–2023) ಪ್ರಮುಖರು. ಅವರ ತಾತ ಉಮ್ರಾವ್ ಸಿಂಗ್ ಶೇರ್‌ಗಿಲ್ ತಮ್ಮನ್ನೂ ಮನೆಯವರನ್ನೂ ದಶಕಗಳ ಕಾಲ ಫೋಟೋ ತೆಗೆದಿಟ್ಟಿದ್ದರು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ವಿವಾನ್‌ಗೆ ದೊಡ್ಡಮ್ಮ. 2001ರ ಸುಮಾರಿಗೆ ವಿವಾನ್ ಆ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೆಣೆದು ‘ರೀಟೇಕ್ ಆಫ್ ಅಮೃತಾ’ ಸರಣಿ ಮಾಡಿದರು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಊರಿನ ತಂದೆ ಮಗಳು ಒಂದೇ ಕೋಣೆಯಲ್ಲಿ ಎದುರಾಗುತ್ತಾರೆ. ಇಲ್ಲಿ ಹಾರುವವರು ತೇಲುವವರು ಯಾರೂ ಇಲ್ಲ, ಮುರಿದಿರುವುದು ಕಾಲ.

ಕನ್ನಡ ನಾಡಿನಲ್ಲಿ ಈ ಕಲೆಯನ್ನು ಜನ ಮೊದಲು ಕಂಡದ್ದು ಗ್ಯಾಲರಿಯಲ್ಲಲ್ಲ, ಟಾಕೀಸಿನಲ್ಲಿ ಮತ್ತು ಊರ ಸ್ಟುಡಿಯೋದಲ್ಲಿ. ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ, ಫಿಲಂ ಹಿಂದಕ್ಕೆ ಸುತ್ತಿ ಇನ್ನರ್ಧ ಮುಚ್ಚಿ ಮತ್ತೊಂದು ಸಲ ತೆಗೆಯುವ ತಂತ್ರ ದ್ವಿಪಾತ್ರದ ಸಿನಿಮಾಗಳ ಬೆನ್ನೆಲುಬಾಗಿತ್ತು. 1977ರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅರ್ಜುನನೂ ಆಗಿ ಬಭ್ರುವಾಹನನೂ ಆಗಿ ತಮಗೆ ತಾವೇ ಎದುರು ನಿಂತಾಗ ಪ್ರೇಕ್ಷಕರು ನೋಡಿದ್ದು ಒಂದು ನಿರ್ದುಷ್ಟ ಸಂಯೋಜನೆಯನ್ನು. ಸ್ಟುಡಿಯೋಗಳಲ್ಲಿ ಇದೇ ಉಪಾಯದಿಂದ ಒಬ್ಬನೇ ಎರಡು ಕಡೆ ಕುಳಿತ ಟ್ರಿಕ್ ಫೋಟೋ ತೆಗೆಸಿಕೊಳ್ಳುವ ಚಾಳಿಯಿತ್ತು. ಫೋಟೋಶಾಪ್ ಬಂದ ಮೇಲೆ ಮದುವೆಯ ಕರಿಜ್ಮಾ ಆಲ್ಬಮ್‌ಗಳಲ್ಲಿ ವಧೂವರರು ಗುಲಾಬಿಯ ದಳದೊಳಗೆ, ಹಂಸದ ಬೆನ್ನ ಮೇಲೆ, ಹೋಗಿಯೇ ಇರದ ಹಿಮಪರ್ವತದ ಮುಂದೆ ಪ್ರತ್ಯಕ್ಷರಾದರು. ಇದನ್ನು ಕಲಾವಿಮರ್ಶಕರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದರೂ ಲೇಯರ್, ಮಾಸ್ಕ್, ಫೆದರ್ ಎಂಬ ಮಾತುಗಳನ್ನು ತಾಲ್ಲೂಕು ಕೇಂದ್ರಗಳವರೆಗೆ ಒಯ್ದವರು ಈ ಆಲ್ಬಮ್ ಡಿಸೈನರುಗಳು ಮತ್ತು ಹುಟ್ಟುಹಬ್ಬದ ಫ್ಲೆಕ್ಸ್ ಮಾಡುವ ಹುಡುಗರೇ. ಅವರ ಕತ್ತರಿಸುವ ವೇಗ ಬೆರಗು ಹುಟ್ಟಿಸುತ್ತದೆ. ರೆಡಿಮೇಡ್ ಬ್ಯಾಕ್‌ಗ್ರೌಂಡ್‌ಗಳ ಡಿವಿಡಿಯಿಂದ ಬಂದ ಹಿನ್ನೆಲೆಗೆ ಮಂಟಪದ ಫ್ಲ್ಯಾಶ್ ಬೆಳಕಿನ ಮುಖ ಹೊಂದದಿರುವುದು ಅವರ ತಪ್ಪಿಗಿಂತ ಗಡುವಿನ ತಪ್ಪು.

ಗಂಭೀರ ಹವ್ಯಾಸಿಗಳಿಗೆ ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳಿವೆ. ಅಂತರರಾಷ್ಟ್ರೀಯ ಸಲಾನ್ ಸ್ಪರ್ಧೆಗಳ ನಿಯಮ ಇಲ್ಲಿ ನೆನಪಿಡಬೇಕು: ನಿಸರ್ಗ ವಿಭಾಗದಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಇದ್ದದ್ದನ್ನು ಸರಿಸುವಂತೆಯೂ ಇಲ್ಲ.

ಹಕ್ಕು, ನಂಬಿಕೆ, ಯಂತ್ರ

ಜಾಲದಲ್ಲಿ ಸಿಕ್ಕ ಫೋಟೋ ಯಾರದೋ ಸ್ವತ್ತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ಛಾಯಾಚಿತ್ರಕ್ಕೂ ಛಾಯಾಗ್ರಾಹಕರ ಜೀವಮಾನ ಮತ್ತು ಆನಂತರದ 60 ವರ್ಷ ರಕ್ಷಣೆಯಿದೆ. ಕಾಯ್ದೆಯ 57ನೇ ಕಲಂ ಕೃತಿಯನ್ನು ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸುವುದನ್ನು ಪ್ರಶ್ನಿಸುವ ಹಕ್ಕನ್ನು ಕರ್ತೃವಿಗೆ ಕೊಡುತ್ತದೆ. ನೆಮ್ಮದಿಯ ದಾರಿ ತಾವೇ ಫೋಟೋ ತೆಗೆಯುವುದು. ಮೋಡ, ಕಲ್ಲು, ಬಾಗಿಲು, ಕೆರೆ, ಗೋಡೆಯ ಪಾಚಿ ಇವನ್ನು ಕಂಡಾಗಲೆಲ್ಲ ಸೆರೆಹಿಡಿದು, ಬೆಳಕಿನ ದಿಕ್ಕಿನ ಪ್ರಕಾರ ವಿಂಗಡಿಸಿಟ್ಟುಕೊಂಡವರಿಗೆ ಕೆಲಸ ಸಲೀಸು. ಉಳಿದಂತೆ ವಿಕಿಮೀಡಿಯ ಕಾಮನ್ಸ್ ಇದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯ 2017ರಲ್ಲಿ 3,75,000ದಷ್ಟು ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಿಟ್ಟುಕೊಟ್ಟಿದೆ.

ಕಲೆಗೂ ಮೋಸಕ್ಕೂ ನಡುವಿನ ಗೆರೆ ತಂತ್ರದಲ್ಲಿಲ್ಲ, ಚಿತ್ರ ಎಲ್ಲಿ ಅಚ್ಚಾಯಿತು ಎಂಬುದರಲ್ಲಿದೆ. ನ್ಯಾಷನಲ್ ಜಿಯಾಗ್ರಫಿಕ್ 1982ರ ಫೆಬ್ರವರಿ ಸಂಚಿಕೆಯಲ್ಲಿ ಅಡ್ಡ ಫೋಟೋವನ್ನು ಉದ್ದ ಮುಖಪುಟಕ್ಕೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನು ಹತ್ತಿರ ಹತ್ತಿರ ಸರಿಸಿತು. ಫೋಟೋಶಾಪ್ ಹುಟ್ಟಲು ಇನ್ನೂ ಎಂಟು ವರ್ಷವಿತ್ತು. ಹಾಗೆ ಒಂದಿಷ್ಟು ಸರಿಸಿದ್ದಕ್ಕೆ ಎದ್ದ ಗದ್ದಲ, ಮಾಗ್ರಿತ್‌ನ ಮನುಷ್ಯಮಳೆಗೆ ಎಂದೂ ಎದ್ದಿಲ್ಲ.

2021ರ ಜನವರಿಯಲ್ಲಿ ಮಾತನ್ನು ಚಿತ್ರವಾಗಿಸುವ ಯಂತ್ರವೊಂದಕ್ಕೆ ಅದನ್ನು ಕಟ್ಟಿದವರು ದಾಲಿಯ ಹೆಸರನ್ನೂ ಸಿನಿಮಾದ ರೋಬೋ ವಾಲ್-ಇ ಹೆಸರನ್ನೂ ಬೆಸೆದು ಡಾಲ್-ಇ ಎಂದು ಕರೆದರು. 2023ರ ಮೇ ತಿಂಗಳಿಂದ ಫೋಟೋಶಾಪ್ ಒಳಗೇ ಬೇಕಾದ್ದನ್ನು ಬರೆದು ಕೇಳಿದರೆ ಖಾಲಿ ಜಾಗ ತುಂಬಿಕೊಡುವ ಸೌಲಭ್ಯ ಪ್ರಾಯೋಗಿಕವಾಗಿ ಬಂತು. ನೆರಳು, ಪ್ರತಿಬಿಂಬಗಳನ್ನೂ ಅದೇ ಹಾಕಿಕೊಡುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಗೆದ್ದ ತನ್ನ ಚಿತ್ರ ಯಂತ್ರದಿಂದ ಹುಟ್ಟಿದ್ದೆಂದು ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದ. ಛಾಯಾಗ್ರಹಣವೂ ಇದೂ ಒಂದೇ ಪಂಗಡದಲ್ಲಿ ಸ್ಪರ್ಧಿಸಬಾರದೆಂಬುದು ಅವನ ವಾದ. ಯಂತ್ರ ಕೊಡುವ ಚಿತ್ರಗಳಲ್ಲಿ ಒಂದು ಕುಂದು ಸದ್ಯಕ್ಕೆ ಎದ್ದು ಕಾಣುತ್ತದೆ: ಎಲ್ಲವೂ ಸಮಾನವಾಗಿ ವಿಚಿತ್ರವಾಗಿರುತ್ತದೆ. ಯಾವ ಒಂದನ್ನು ಮುರಿಯಬೇಕು, ಯಾವುದನ್ನೆಲ್ಲ ಹಾಗೇ ಬಿಡಬೇಕು ಎಂಬ ಆಯ್ಕೆಯನ್ನು ಅದು ಕೇಳಿದವರಿಗೇ ಬಿಟ್ಟಿದೆ. ಖಾಲಿ ಜಾಗ ತುಂಬಲು, ಕತ್ತರಿಸಿದ ಆಕಾಶವನ್ನು ವಿಸ್ತರಿಸಲು ಅದನ್ನು ಬಳಸಿ, ಮುಖ್ಯ ವಸ್ತುಗಳನ್ನು ಕ್ಯಾಮೆರಾದಲ್ಲೇ ತೆಗೆಯುವ ಮಿಶ್ರ ಪದ್ಧತಿ ಈಗ ರೂಢಿಗೆ ಬರುತ್ತಿದೆ. ಕೆಲವು ಸ್ಪರ್ಧೆಗಳು ಬಹುಮಾನಕ್ಕೆ ಮೊದಲು ಕ್ಯಾಮೆರಾದ ಮೂಲ ಫೈಲುಗಳನ್ನು ತರಿಸಿ ನೋಡುತ್ತವೆ.